ಜಪ್ತಿ ನೋಟಿಸ್ ಬಂತು ಅಂತ ಗಾಬರಿಯಾಗಬೇಡಿ: ನಕಲಿ ಸಾಲ ವಸೂಲಿ ಪತ್ರ ಗುರುತಿಸುವುದು ಹೇಗೆ, ಬಂದರೆ ಏನು ಮಾಡಬೇಕು

ರಾತ್ರಿ 9 ಗಂಟೆ 40 ನಿಮಿಷ. ನಮ್ಮ ಬೀದಿಯ ಟೈಲರ್ ಅಕ್ಕ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೈ ನಡುಗುತ್ತಿತ್ತು. "ನೋಡಪ್ಪಾ, ಬೆಳಿಗ್ಗೆ ಪೊಲೀಸ್ರು ಬಂದು ಹೊಲಿಗೆ ಮಿಷನ್ ಎತ್ಕೊಂಡು ಹೋಗ್ತಾರಂತೆ" ಅಂದರು.

ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂದಿತ್ತು. ಮೇಲೆ ಸಿಂಹದ ಲಾಂಛನ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಸುಪ್ರೀಂ ಕೋರ್ಟ್ ಆಫ್ ಇಂಡಿಯಾ, ಬೆಂಗಳೂರು ಬ್ರಾಂಚ್". ಆಮೇಲೆ "ಜಪ್ತಿ ಆದೇಶ ಮತ್ತು ಅರೆಸ್ಟ್ ವಾರೆಂಟ್". ಐಪಿಸಿ 420ರ ಉಲ್ಲೇಖ. ನೇರಳೆ ಬಣ್ಣದ ಒಂದು ದುಂಡು ಮೊಹರು, ಅದರ ಅಂಚು ಮಸುಕು. ಕೊನೆಯಲ್ಲಿ 38,740 ರೂಪಾಯಿ, ಎರಡು ಗಂಟೆ ಗಡುವು, ಒಂದು ಮೊಬೈಲ್ ನಂಬರ್, ಒಂದು ಕ್ಯೂಆರ್ ಕೋಡ್.

ಅಕ್ಕನಿಗೆ ಸಾಲ ಇದ್ದದ್ದು ನಿಜ. ಎರಡು ಕಂತು ಬಾಕಿ ಇದ್ದದ್ದೂ ನಿಜ. ಅದಕ್ಕೇ ಅವರು ಆ ಕಾಗದವನ್ನು ಪೂರ್ತಿ ನಂಬಿಬಿಟ್ಟಿದ್ದರು. ಸಾಲವೇ ಇಲ್ಲದವರಿಗೆ ಇಂಥ ಪತ್ರ ಬಂದರೆ ಸ್ವಲ್ಪ ಅನುಮಾನವಾದರೂ ಬರುತ್ತದೆ. ಬಾಕಿ ಇರುವವರಿಗೆ ಮೊದಲು ಬರುವುದು ಅವಮಾನ, ಆಮೇಲೆ ಭಯ. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಲ ನಿಜ ಇರಬಹುದು, ಆದರೂ ಪತ್ರ ನಕಲಿ ಇರಬಹುದು. ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಮೊದಲ ಅರ್ಧ ಗಂಟೆ

ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಲಿಂಕ್ ಒತ್ತಬೇಡಿ. "ಅರ್ಧ ದುಡ್ಡಾದ್ರೂ ಹಾಕಿ, ತಡೀತೀನಿ" ಅಂದರೂ ಒಂದು ರೂಪಾಯಿಯನ್ನೂ ಹಾಕಬೇಡಿ. ಒಮ್ಮೆ ಹಾಕಿದರೆ ಇವರು ಹೆದರುತ್ತಾರೆ ಅಂತ ಅವರಿಗೆ ಗೊತ್ತಾಗುತ್ತದೆ, ಮತ್ತೆ ಮತ್ತೆ ಕೇಳುತ್ತಾರೆ.

ಮೆಸೇಜ್ ಅಳಿಸಬೇಡಿ. ಕಳಿಸಿದ ನಂಬರ್, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪಿಡಿಎಫ್ ಬೇರೆ ಕಡೆ ಉಳಿಸಿ. ಅಂಚೆಯಲ್ಲಿ ಬಂದಿದ್ದರೆ ಕವರ್ ಎಸೆಯಬೇಡಿ, ಅದರ ಮೇಲಿನ ಮುದ್ರೆ, ಬಾರ್‌ಕೋಡ್ ಎರಡೂ ಮುಂದೆ ಬೇಕಾಗುತ್ತವೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿ. ಗುಟ್ಟಾಗಿ ಇಟ್ಟುಕೊಂಡವರೇ ಇಂಥ ಮೋಸಕ್ಕೆ ಬೇಗ ಸಿಕ್ಕಿಬೀಳುತ್ತಾರೆ.

ಕಾಗದ ಯಾವ ಜಾತಿಯದು ಅಂತ ನೋಡಿ

ಸಾಲದ ವಿಷಯದಲ್ಲಿ ಮನೆಗೆ ಬರುವ ಕಾಗದಗಳೆಲ್ಲ ಒಂದೇ ಅಲ್ಲ. ಒಂದೊಂದಕ್ಕೆ ಒಂದೊಂದು ಬಲ. ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ವಕೀಲರ ನೋಟಿಸ್ ಅಂದರೆ ಒಬ್ಬ ವಕೀಲ ತಮ್ಮ ಕಕ್ಷಿದಾರರ ಪರವಾಗಿ ಬರೆದ ಪತ್ರ, ಅಷ್ಟೇ. ಅದು ಕೋರ್ಟಿನ ಆದೇಶ ಅಲ್ಲ. ಅದರಿಂದ ಯಾರನ್ನೂ ಬಂಧಿಸಲು, ಏನನ್ನೂ ಜಪ್ತಿ ಮಾಡಲು ಬರುವುದಿಲ್ಲ.

ಲೋಕ ಅದಾಲತ್ ನೋಟಿಸ್ ರಾಜಿಗೆ ಬನ್ನಿ ಅಂತ ಕರೆಯುವ ಕಾಗದ. ನಿಜವಾದದ್ದು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಸಮಿತಿ, ಪ್ರಾಧಿಕಾರಗಳ ಕಡೆಯಿಂದ ಬರುತ್ತದೆ. ಹೋಗದಿದ್ದರೆ ಬಂಧನ ಇಲ್ಲ, ದಂಡವೂ ಇಲ್ಲ. ಹೋಗಿ ರಾಜಿಗೆ ಸಹಿ ಹಾಕಿದರೆ ಮಾತ್ರ ಅದು ಕೋರ್ಟಿನ ಡಿಕ್ರಿಗೆ, ಅಂದರೆ ಜಾರಿ ಮಾಡಬಹುದಾದ ತೀರ್ಪಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಮೊತ್ತ ಓದಿ ಆಮೇಲೆ ಸಹಿ ಹಾಕಿ. "ಲೋಕ ಅದಾಲತ್" ಅಂತ ಹೆಸರು ಹಾಕಿ, ಕೆಳಗೆ ಬರೀ ಮೊಬೈಲ್ ನಂಬರ್ ಕೊಟ್ಟಿದ್ದರೆ ಅನುಮಾನಪಡಿ.

ಮನೆ ಅಥವಾ ನಿವೇಶನ ಅಡವಿಟ್ಟು ಸಾಲ ಪಡೆದಿದ್ದರೆ ಬರುವುದು ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ಸಾಲ ಕೊಟ್ಟವರು ವಶಕ್ಕೆ ಪಡೆಯುವ ಕಾನೂನು) ನೋಟಿಸ್. 2002ರ ಈ ಕಾಯ್ದೆಯ ಸೆಕ್ಷನ್ 13(2)ರ ಪ್ರಕಾರ ಮೊದಲು 60 ದಿನ ಕೊಡಲೇಬೇಕು. ಆಸ್ತಿ ಸ್ವಾಧೀನಕ್ಕೆ ಕೈ ಹಾಕುವುದು ಅದಾದ ಮೇಲೆ. ಅಡವಿಲ್ಲದ ಪರ್ಸನಲ್ ಲೋನ್‌ಗೂ ಕ್ರೆಡಿಟ್ ಕಾರ್ಡ್ ಬಾಕಿಗೂ ಈ ಕಾಯ್ದೆ ಹತ್ತುವುದೇ ಇಲ್ಲ. ಕೃಷಿ ಜಮೀನನ್ನೂ ಇದರಿಂದ ಹೊರಗಿಟ್ಟಿದ್ದಾರೆ. ಹೊಲಿಗೆ ಮಿಷನ್‌ಗೆ "ಸರ್ಫೇಸಿ ಜಪ್ತಿ" ಅಂತ ಯಾರಾದರೂ ಬರೆದರೆ, ಬರೆದವರಿಗೆ ಕಾನೂನು ಬೇಕಾಗಿಲ್ಲ, ನಿಮ್ಮ ಭಯ ಬೇಕು.

ಇನ್ನು ಕೋರ್ಟಿನ ಸಮನ್ಸ್. ಇದು ಗಂಭೀರ. ಇದರಲ್ಲಿ ಕೋರ್ಟಿನ ಹೆಸರು, ಊರು, ಕೇಸ್ ನಂಬರ್, ನೀವು ಹಾಜರಾಗಬೇಕಾದ ದಿನ, ಸಹಿ, ಮೊಹರು ಎಲ್ಲ ಇರುತ್ತವೆ. ಆ ದಿನ ಹೋಗಿ ನಿಮ್ಮ ಮಾತು ಹೇಳಬಹುದು. ನಕಲಿ ಪತ್ರದಲ್ಲಿ ಸಾಮಾನ್ಯವಾಗಿ ಹಾಜರಾಗುವ ದಿನವೇ ಇರುವುದಿಲ್ಲ, ದುಡ್ಡು ಕಟ್ಟುವ ಗಡುವು ಮಾತ್ರ ಇರುತ್ತದೆ. ನಾನು ಮೊದಲು ನೋಡುವುದು ಇದನ್ನೇ: ಈ ಕಾಗದ ನನಗೆ ಉತ್ತರ ಹೇಳಲು ಸಮಯವನ್ನೂ ಜಾಗವನ್ನೂ ಕೊಡುತ್ತಿದೆಯಾ?

ಬಂಧನ, ಜಪ್ತಿ: ಕಾನೂನು ನಿಜವಾಗಿ ಏನು ಹೇಳುತ್ತದೆ

ಸಾಲ ಕಟ್ಟಲು ಆಗದೇ ಇರುವುದು ಅಪರಾಧ ಅಲ್ಲ. ಅದು ಸಿವಿಲ್ ವಿಷಯ. ಸಾಲ ಕೊಟ್ಟವರು ದಾವೆ ಹೂಡಬೇಕು, ಡಿಕ್ರಿ ಪಡೆಯಬೇಕು, ಆಮೇಲೆ ಅದನ್ನು ಜಾರಿ ಮಾಡಲು ಮತ್ತೆ ಅರ್ಜಿ ಹಾಕಬೇಕು. ಇದೆಲ್ಲ ಎರಡು ಗಂಟೆಯಲ್ಲಿ ಆಗುವ ಕೆಲಸ ಅಲ್ಲ.

ಡಿಕ್ರಿ ಜಾರಿಯಲ್ಲಿ ಸಿವಿಲ್ ಜೈಲು ಅನ್ನುವುದು ಇದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ದುಡ್ಡಿದ್ದೂ ಬೇಕಂತಲೇ ಕಟ್ಟದವರಿಗೆ ಅದು. ಕೈಯಲ್ಲಿ ಇಲ್ಲದವರನ್ನು ಇಲ್ಲ ಅನ್ನುವ ಕಾರಣಕ್ಕೇ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 56 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆ ರಾತ್ರಿ ಅಕ್ಕನಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ಅದೇ ಸಂಹಿತೆಯ ಸೆಕ್ಷನ್ 60ರಲ್ಲಿ ಕೋರ್ಟ್ ಕೂಡ ಮುಟ್ಟಬಾರದ ವಸ್ತುಗಳ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ರೈತರ ಬೇಸಾಯದ ಉಪಕರಣ, ಎತ್ತು, ಬಿತ್ತನೆ ಬೀಜ. ಕುಶಲಕರ್ಮಿಗಳ ಕಸುಬಿನ ಉಪಕರಣ. ಆ ಪಟ್ಟಿ ಓದಿ ಹೇಳುವಾಗ ಅಕ್ಕ ಮಧ್ಯದಲ್ಲಿ ತಡೆದು, "ಹಂಗಾದ್ರೆ ಮಿಷನ್?" ಅಂದರು. ಕಸುಬಿನ ಉಪಕರಣ ಅಂದರೆ ಅದೇ ಅಲ್ವಾ ಅಂದೆ. ಮಿಷನ್ನನ್ನೇ ಅಡವಿಟ್ಟು ಸಾಲ ಪಡೆದಿದ್ದರೆ ಲೆಕ್ಕ ಬೇರೆ. ಅಕ್ಕ ಹಾಗೆ ಪಡೆದಿರಲಿಲ್ಲ.

ಕೋರ್ಟ್ ಜಪ್ತಿಗೆ ಆದೇಶ ಕೊಟ್ಟರೂ ಬರುವವರು ಕೋರ್ಟಿನ ಸಿಬ್ಬಂದಿ, ಕೈಯಲ್ಲಿ ಆದೇಶ ಹಿಡಿದು. ವಸೂಲಿ ಏಜೆಂಟ್ ಅಲ್ಲ. ನಿಜವಾದ ವಾರೆಂಟ್ ಬರುವುದು ಪೊಲೀಸರ ಕೈಯಲ್ಲಿ, ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮೊಹರಿನ ಜೊತೆ. ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಪೊಲೀಸರು ಹಾಜರಾಗಲು ಕೊಡುವ ನೋಟಿಸನ್ನು ಸಹ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೋ ಕಾಲ್‌ನಲ್ಲೇ ಬಂಧಿಸಿದ್ದೇವೆ ಅನ್ನುವ "ಡಿಜಿಟಲ್ ಅರೆಸ್ಟ್" ಯಾವ ಕಾನೂನಿನಲ್ಲೂ ಇಲ್ಲ.

ಒಂದು ಕಡೆ ಮಾತ್ರ ಎಚ್ಚರ ಬೇಕು. ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸ್ ಆಗಬಹುದು. ಕಂತಿಗೆ ಕೊಟ್ಟ ಆಟೋ ಡೆಬಿಟ್ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯ ಸೆಕ್ಷನ್ 25ರಲ್ಲಿ ಅದೇ ರೀತಿ ಕೇಸ್ ಹಾಕಬಹುದು. ಚೆಕ್ ವಿಷಯದಲ್ಲಿ ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕಟ್ಟಲು ನಿಮಗೆ 15 ದಿನ ಇರುತ್ತದೆ. ಇಂಥ ನೋಟಿಸನ್ನು "ಇದೂ ನಕಲಿ ಇರಬೇಕು" ಅಂತ ಮೂಲೆಗೆ ಹಾಕಬೇಡಿ.

ಕಣ್ಣಿಗೆ ಕಾಣುವ ಗುರುತುಗಳು, ಅವುಗಳ ಮಿತಿ

ಅಕ್ಕನ ಪಿಡಿಎಫ್‌ನಲ್ಲಿ ಮೊದಲ ಸಾಲೇ ತಪ್ಪು. ಸುಪ್ರೀಂ ಕೋರ್ಟಿಗೆ ಬೆಂಗಳೂರಿನಲ್ಲಿ ಬ್ರಾಂಚ್ ಇಲ್ಲ. ಅದು ಸಾಲದ ಕಂತು ಕಟ್ಟಿ ಅಂತ ಯಾರಿಗೂ ವಾಟ್ಸಾಪ್ ಮಾಡುವುದಿಲ್ಲ. ಅಕ್ಕನ ಹೆಸರು ಸರಿಯಿತ್ತು, ವಿಳಾಸ ಇರಲಿಲ್ಲ. ಸಾಲ ಕೊಟ್ಟ ಕಂಪನಿ ಯಾವುದು ಅಂತ ಇರಲಿಲ್ಲ. ಅಸಲೆಷ್ಟು, ಬಡ್ಡಿಯೆಷ್ಟು ಅನ್ನುವ ಲೆಕ್ಕ ಇರಲಿಲ್ಲ. ಕೋರ್ಟಿಗೆ ಕಟ್ಟುವ ದುಡ್ಡು ಯಾರದೋ ಹೆಸರಿನ ಯುಪಿಐಗೆ ಹೋಗಬೇಕಿತ್ತು. ಇದೊಂದೇ ಸಾಕು.

ಐಪಿಸಿ ಉಲ್ಲೇಖವೂ ಒಂದು ಸುಳಿವು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಈಗ ಅದರ ಸೆಕ್ಷನ್ 318. ಆದರೆ ಆ ದಿನಕ್ಕಿಂತ ಹಿಂದಿನ ಘಟನೆಗಳಿಗೆ ಐಪಿಸಿಯೇ ನಡೆಯುತ್ತದೆ. ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ.

ಕಾಗುಣಿತ ತಪ್ಪು, ವಕ್ರ ಮೊಹರು ನೋಡಿ ನಕಲಿ ಅನ್ನುವ ಕಾಲ ಮುಗಿಯುತ್ತಾ ಬಂದಿದೆ. ಈಗ ಒಳ್ಳೆಯ ಭಾಷೆಯಲ್ಲಿ, ಒಪ್ಪವಾದ ಲೆಟರ್‌ಹೆಡ್‌ನಲ್ಲಿ ನಕಲಿ ಬರೆಯುವುದು ಸುಲಭ. ಅದಕ್ಕೇ ಕಾಗದವನ್ನೇ ದಿಟ್ಟಿಸಿ ಕೂರುವುದಕ್ಕಿಂತ ಹೊರಗಿನಿಂದ ಪರೀಕ್ಷೆ ಮಾಡುವುದು ವಾಸಿ.

ಹೊರಗಿನಿಂದ ಪರೀಕ್ಷೆ ಮಾಡುವುದು

ಕೇಸ್ ಇದೆಯಾ ನೋಡಿ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಅಥವಾ ವೆಬ್‌ಸೈಟ್ ಎಲ್ಲರಿಗೂ ಉಚಿತ. ಪ್ರತಿ ಕೇಸಿಗೂ ಸಿಎನ್‌ಆರ್ ಅನ್ನುವ 16 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ, ಕರ್ನಾಟಕದ ಜಿಲ್ಲಾ, ತಾಲ್ಲೂಕು ಕೋರ್ಟಿನದಾದರೆ ಇಂಗ್ಲಿಷಿನ ಕೆ, ಎ ಅಕ್ಷರಗಳಿಂದ ಶುರು. ಅದು ಪತ್ರದಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಜಿಲ್ಲೆ, ಕೋರ್ಟ್, ವರ್ಷ ಆರಿಸಿ ನಿಮ್ಮ ಹೆಸರಿನಿಂದಲೇ ಹುಡುಕಬಹುದು. ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ರೀತಿ ಬರೆದು ನೋಡಿ, ಶ್ರೀನಿವಾಸ ಅನ್ನುವುದನ್ನು ಗುಮಾಸ್ತರು ಹೇಗೆ ಟೈಪ್ ಮಾಡಿರುತ್ತಾರೋ. ಮೊಬೈಲ್ ಗೊತ್ತಿಲ್ಲದವರು ತಮ್ಮೂರಿನ ಕೋರ್ಟ್ ಕಚೇರಿಯಲ್ಲೇ ಕೇಳಬಹುದು.

ವಕೀಲರ ಹೆಸರಿದ್ದರೆ ಅವರ ನೋಂದಣಿ ಸಂಖ್ಯೆಯನ್ನು ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ. ನಿಜವಾದ ವಕೀಲರ ಹೆಸರನ್ನು ಅವರಿಗೇ ಗೊತ್ತಿಲ್ಲದೆ ಬಳಸಿಕೊಂಡಿರಲೂಬಹುದು. ಅವರ ಕಚೇರಿ ನಂಬರನ್ನು ಬೇರೆ ಮೂಲದಿಂದ ಹುಡುಕಿ ಕೇಳಿ. ಸ್ಪೀಡ್ ಪೋಸ್ಟ್‌ನಲ್ಲಿ ಬಂದ ಕವರ್ ಆದರೆ ಅದರ ಮೇಲಿನ ನಂಬರ್ ಹಾಕಿ ಇಂಡಿಯಾ ಪೋಸ್ಟ್ ಸೈಟಿನಲ್ಲಿ ಎಲ್ಲಿಂದ ಹೊರಟಿದೆ ನೋಡಿ.

ಬ್ಯಾಂಕಿಗೆ ಫೋನ್ ಮಾಡುವುದಾದರೆ ಪಾಸ್‌ಬುಕ್, ಕಾರ್ಡಿನ ಹಿಂಭಾಗ ಅಥವಾ ಸಾಲ ಮಂಜೂರಾತಿ ಪತ್ರದಲ್ಲಿರುವ ನಂಬರಿಗೆ ಮಾಡಿ. ಗೂಗಲ್‌ನಲ್ಲಿ ಮೊದಲು ಸಿಕ್ಕ "ಕಸ್ಟಮರ್ ಕೇರ್" ನಂಬರಿಗೆ ಬೇಡ, ಅಲ್ಲೂ ಮೋಸಗಾರರು ಕಾದು ಕೂತಿರುತ್ತಾರೆ. ಬ್ಯಾಂಕುಗಳ ವೆಬ್ ವಿಳಾಸ ಈಗ "ಡಾಟ್ ಬ್ಯಾಂಕ್ ಡಾಟ್ ಇನ್" ಅಂತ ಮುಗಿಯಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ, ಅದನ್ನೂ ಗಮನಿಸಿ.

ಗೊತ್ತೇ ಇಲ್ಲದ ಕಂಪನಿ ಹೆಸರಿದ್ದರೆ ಒಡನೆ ನಕಲಿ ಅನ್ನಬೇಡಿ. ಬ್ಯಾಂಕುಗಳು ವಸೂಲಾಗದ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗಳಿಗೆ ಮಾರುವುದುಂಟು. ಅಂಥ ಕಂಪನಿಗಳ ಪಟ್ಟಿ ರಿಸರ್ವ್ ಬ್ಯಾಂಕ್ ಸೈಟಿನಲ್ಲಿದೆ. ಸಾಲ ಮಾರಿದ್ದೀರಾ ಅಂತ ಹಳೇ ಬ್ಯಾಂಕಿಗೇ ಬರೆದು ಕೇಳಿ.

ಸಾಲವನ್ನೇ ಮಾಡಿಲ್ಲ ಅನ್ನುವವರು ಕ್ರೆಡಿಟ್ ರಿಪೋರ್ಟ್ (ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ) ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಅದರಲ್ಲಿ ಗೊತ್ತಿಲ್ಲದ ಸಾಲ ಕಂಡರೆ ನಿಮ್ಮ ಪ್ಯಾನ್, ಆಧಾರ್ ಬಳಸಿ ಯಾರೋ ತೆಗೆದಿರಬಹುದು. ಕೂಡಲೇ ರಿಪೋರ್ಟ್ ಕೊಟ್ಟ ಕಂಪನಿಗೆ ತಕರಾರು ಸಲ್ಲಿಸಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅನ್ನುವ ನಿಯಮ ಇದೆ.

ಸಾಲ ನಿಜ, ಪತ್ರ ನಕಲಿ ಆದಾಗ

ಅಕ್ಕನ ಹಾಗೆ ಜಾಸ್ತಿ ಜನ ಇರುವುದು ಇಲ್ಲೇ. ಪತ್ರ ಕಳಿಸಿದವರು ಪೂರ್ತಿ ಹೊರಗಿನ ಮೋಸಗಾರರಿರಬಹುದು, ಇಲ್ಲವೇ ಕಂಪನಿಯ ವಸೂಲಿ ಏಜೆಂಟೇ ಬೇಗ ದುಡ್ಡು ಬರಲಿ ಅಂತ ನಕಲಿ ಕೋರ್ಟ್ ಕಾಗದ ಮಾಡಿರಬಹುದು. ಎರಡೂ ಅಪರಾಧ. ಕೋರ್ಟ್ ದಾಖಲೆ ನಕಲಿ ಮಾಡುವುದಕ್ಕೆ ನ್ಯಾಯ ಸಂಹಿತೆಯ ಸೆಕ್ಷನ್ 337, ಹೆದರಿಸಿ ದುಡ್ಡು ಕೀಳುವುದಕ್ಕೆ 308.

ಏಜೆಂಟ್ ನಿಜವಾದವರೇ ಆದರೂ ಅವರಿಗೂ ನಿಯಮ ಇವೆ. ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ, ಗುರುತಿನ ಚೀಟಿ ಅವರ ಹತ್ತಿರ ಇರಬೇಕು. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6. ನೆಂಟರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯುವಂತಿಲ್ಲ. ಕರ್ನಾಟಕದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಜನ ಜೀವ ಕಳೆದುಕೊಂಡ ಮೇಲೆ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯಾಯಿತು. ಅದರಡಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ನಿಮ್ಮ ಬಾಕಿ ಎಷ್ಟು ಅಂತ ಸಾಲ ಕೊಟ್ಟವರಿಂದ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಕಟ್ಟುವುದಾದರೆ ಸಾಲದ ಖಾತೆಗೇ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಏಜೆಂಟಿನ ಸ್ವಂತ ಫೋನ್‌ಪೇಗೆ ಹಾಕಿದ ದುಡ್ಡು ನಿಮ್ಮ ಸಾಲಕ್ಕೆ ಜಮಾ ಆಗುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಕಟ್ಟಲು ಆಗುತ್ತಿಲ್ಲ ಅಂದರೆ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಅಂತ ಲಿಖಿತವಾಗಿ ಕೇಳಿ.

ಉತ್ತರ ಬರೆಯುವುದಾದರೆ

ಪೂರ್ತಿ ನಕಲಿ ಅಂತ ಗೊತ್ತಾದ ಮೇಲೆ ಮೋಸಗಾರನಿಗೆ ಉತ್ತರ ಬೇಡ, ಬೈಯುವುದೂ ಬೇಡ. ಪೊಲೀಸರಿಗೆ ದೂರು ಕೊಡಿ. ನಿಜವೋ ನಕಲಿಯೋ ತೀರ್ಮಾನ ಆಗದ ವಕೀಲರ ನೋಟಿಸ್ ಅಥವಾ ಕಂಪನಿ ಪತ್ರಕ್ಕೆ ಮಾತ್ರ ಹೀಗೆ ಚಿಕ್ಕದಾಗಿ ಬರೆಯಬಹುದು:

"ನಿಮ್ಮ ಇಂಥ ದಿನಾಂಕದ ಪತ್ರ ನನಗೆ ತಲುಪಿದೆ. ಅದರಲ್ಲಿ ಹೇಳಿರುವ ಬಾಕಿಯನ್ನು ನಾನು ಒಪ್ಪಿಕೊಂಡಿಲ್ಲ. ಸಾಲದ ಒಪ್ಪಂದದ ಪ್ರತಿ, ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್, ವಸೂಲಿ ಮಾಡಲು ನಿಮಗಿರುವ ಅಧಿಕಾರ ಪತ್ರ, ಕೋರ್ಟ್ ಪ್ರಕರಣವಿದ್ದರೆ ಅದರ ಸಂಖ್ಯೆ, ಇವುಗಳನ್ನು ಲಿಖಿತವಾಗಿ ಕಳುಹಿಸಿ. ಇನ್ನು ಮುಂದೆ ಪತ್ರ ವ್ಯವಹಾರ ಬರಹದಲ್ಲೇ ಇರಲಿ."

ಸ್ಪೀಡ್ ಪೋಸ್ಟ್ ಅಥವಾ ಇಮೇಲ್‌ನಲ್ಲಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಆಧಾರ್ ಪ್ರತಿ, ಒಟಿಪಿ, ಖಾಲಿ ಚೆಕ್ ಕೊಡಬೇಡಿ. "ಒಪ್ಪಿಕೊಂಡಿಲ್ಲ" ಅನ್ನುವ ಮಾತು ಸುಮ್ನೆ ಹಾಕಿದ್ದಲ್ಲ. ಸಾಮಾನ್ಯ ಸಾಲಕ್ಕೆ ದಾವೆ ಹೂಡಲು 3 ವರ್ಷದ ಕಾಲಮಿತಿ ಇದೆ. ಆ ಅವಧಿಯೊಳಗೆ ನೀವು ಸಹಿ ಹಾಕಿ ಸಾಲ ಒಪ್ಪಿಕೊಂಡರೆ, ಅಥವಾ ಒಂದಿಷ್ಟು ಕಟ್ಟಿದರೆ, 3 ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಗಬಹುದು. ಹಳೇ ಸಾಲಕ್ಕೆ "500 ರೂಪಾಯಿ ಹಾಕಿ ಸಾಕು" ಅಂತ ಕೇಳುವುದರ ಹಿಂದೆ ಇದೂ ಇರುತ್ತದೆ. ಸಾಲ ನಿಜ, ಒಪ್ಪಂದ ಮಾಡಿಕೊಳ್ಳುತ್ತೇನೆ ಅನ್ನುವವರು ಈ ವಾಕ್ಯ ಬಿಟ್ಟು ಲೆಕ್ಕ ಮಾತ್ರ ಕೇಳಿ.

ಎಲ್ಲಿ ದೂರು ಕೊಡಬೇಕು

ದುಡ್ಡು ಹಾಕಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ದುಡ್ಡನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಿಮ್ಮ ಬ್ಯಾಂಕಿಗೂ ಅದೇ ಹೊತ್ತಿನಲ್ಲಿ ಹೇಳಿ. ದುಡ್ಡು ಹೋಗದಿದ್ದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಠಾಣೆಯಲ್ಲಿ ದೂರು ಕೊಡಿ. ಅದೇ ನಂಬರಿನಿಂದ ಇನ್ನೊಬ್ಬ ಅಕ್ಕನಿಗೂ ಹೋಗಿರುತ್ತದೆ.

ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಏಜೆಂಟೇ ಮಾಡಿದ್ದರೆ ಮೊದಲು ಆ ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448. ನೋಂದಣಿಯೇ ಇಲ್ಲದ ಸಾಲದ ಆ್ಯಪ್ ಆದರೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ತಿಳಿಸಿ.

ಫೋಟೋ ತಿರುಚಿ ನೆಂಟರಿಗೆ ಕಳಿಸುತ್ತೇವೆ ಅಂತ ಹೆದರಿಸಿದರೆ, ನೀವೇ ಮೊದಲು ಹತ್ತಿರದವರಿಗೆ ಒಂದು ಮೆಸೇಜ್ ಹಾಕಿ: "ನನ್ನ ಹೆಸರಿನಲ್ಲಿ ಮೋಸದ ಮೆಸೇಜ್ ಬರಬಹುದು, ನಂಬಬೇಡಿ, ದೂರು ಕೊಟ್ಟಿದ್ದೇನೆ." ಇದರಿಂದ ಅವರ ಬಹುಪಾಲು ಬಲ ಹೋಗುತ್ತದೆ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಯಾವ ಸಾಲವೂ ಜೀವಕ್ಕಿಂತ ದೊಡ್ಡದಲ್ಲ, ಈ ಮಾತನ್ನು ಪೂರ್ತಿ ನಂಬಿ ಬರೆಯುತ್ತಿದ್ದೇನೆ.

ಪರೀಕ್ಷೆಯಲ್ಲಿ ಕೇಸ್ ನಿಜ ಅಂತ ಬಂದರೆ

ಆಗ ದಿನ ಎಣಿಸಿ. ಸಮನ್ಸ್ ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಕೇಸ್ ನಿಲ್ಲುವುದಿಲ್ಲ, ನೀವಿಲ್ಲದೆಯೇ ಡಿಕ್ರಿ ಆಗುತ್ತದೆ. ಸಾಮಾನ್ಯ ದಾವೆಯಲ್ಲಿ ಉತ್ತರ ಸಲ್ಲಿಸಲು 30 ದಿನ. ಸಮನ್ಸ್‌ನಲ್ಲಿ "ಆದೇಶ 37" (ಬೇಗ ಮುಗಿಸುವ ಸಂಕ್ಷಿಪ್ತ ವಿಚಾರಣೆ) ಅಂತ ಇದ್ದರೆ ಹಾಜರಾಗಲು ಸಿಗುವುದು 10 ದಿನ ಮಾತ್ರ. ಸರ್ಫೇಸಿಯಲ್ಲಿ ಸ್ವಾಧೀನಕ್ಕೆ ಬಂದ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಅಥವಾ ತಾಲ್ಲೂಕು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿ ಕಚೇರಿಗೆ ಕಾಗದದ ಜೊತೆ ಹೋಗಿ.

ಅಕ್ಕನ ಹೆಸರಿನಲ್ಲಿ ಇ-ಕೋರ್ಟ್ಸ್‌ನಲ್ಲಿ ಯಾವ ಕೇಸೂ ಸಿಗಲಿಲ್ಲ. ಬೆಳಿಗ್ಗೆ ಪೊಲೀಸರು ಬರಲಿಲ್ಲ, ನಾವೇ ಠಾಣೆಗೆ ಹೋಗಿ ದೂರು ಕೊಟ್ಟೆವು. ಅಲ್ಲಿಂದ ಸಾಲ ಕೊಟ್ಟ ಕಂಪನಿಯ ಶಾಖೆಗೆ ಹೋದೆವು. ನಿಜವಾದ ಬಾಕಿ 6,180 ರೂಪಾಯಿ. ಅಕ್ಕ ಒಂದು ಕಂತು ಅಲ್ಲೇ ಕಟ್ಟಿ, ಇನ್ನೊಂದಕ್ಕೆ ಮುಂದಿನ ತಿಂಗಳ ತನಕ ಸಮಯ ಕೇಳಿ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡರು. ಆ ಕಾಗದ, ರಸೀದಿ, ದೂರಿನ ನಂಬರ್ ಮೂರನ್ನೂ ಈಗ ಮಿಷನ್ನಿನ ಡ್ರಾಯರ್‌ನಲ್ಲಿ, ಬಾಬಿನ್ ಡಬ್ಬಿಯ ಕೆಳಗೆ ಇಟ್ಟಿದ್ದಾರೆ.